ಫೋಟೋದ ಅಂಚಿನಲ್ಲಿ ಎರಡು ಪಾದ

ಕಾಡಿನ ಮೇಲೆ ಬೆಳಕು ಇನ್ನೂ ಸರಿಯಾಗಿ ಹರಡಿಲ್ಲ. ಹುಲಿಕಲ್ಲಿನಿಂದ ಒಳಕ್ಕೆ ತಿರುಗುವ ಮಣ್ಣುದಾರಿಯ ಕೊನೆಯಲ್ಲಿ ಮತ್ತಿಹಕ್ಲು ಎಂಬ ಪುಟ್ಟ ಊರು. ಅಲ್ಲಿಯ ಕಂಬವೊಂದರ ಮೇಲೆ ಲೈನ್‌ಮನ್ ಭೂತಪ್ಪ ಇದ್ದಾರೆ. ರಾತ್ರಿ ಬೀಸಿದ ಗಾಳಿಗೆ ಹಲಸಿನ ಕೊಂಬೆಯೊಂದು ಮುರಿದು ತಂತಿಯ ಮೇಲೆ ಮಲಗಿದೆ. ಸೊಂಟದ ಬೆಲ್ಟನ್ನು ಕಂಬಕ್ಕೆ ಸುತ್ತಿ, ಮೈಯನ್ನು ಹಿಂದಕ್ಕೆ ಒರಗಿಸಿ, ಅವರು ಗರಗಸ ಆಡಿಸುತ್ತಿದ್ದಾರೆ. ಕೆಳಗೆ ಊರಿನ ನಾಲ್ಕೈದು ಜನ ಕತ್ತೆತ್ತಿ ನಿಂತಿದ್ದಾರೆ.

"ಯಾರೂ ಕೊಂಬೆ ಅಡಿಗೆ ಬರ್ಬೇಡಿ! ಕಾಯಿ ಬಿದ್ರೆ ತಲೆ ಹೋಗ್ತದೆ!"

"ತಲೆ ಹೋದ್ರೆ ಹೋಗ್ಲಿ ಭೂತಪ್ಪಣ್ಣ, ಕಾಯಿ ಒಡೀಬೇಡಿ. ಹಪ್ಪಳಕ್ಕೆ ಅಂತ ಇಟ್ಕೊಂಡಿದ್ದು!" ಎಂದು ಒಬ್ಬ ಹೆಂಗಸು ಕೂಗುತ್ತಾರೆ. ನಗು ಏಳುತ್ತದೆ. ಭೂತಪ್ಪನವರೂ ನಗುತ್ತಾರೆ. ಆದರೆ ಆ ಮಾತನ್ನು ಅವರು ತಮಾಷೆಗೆಂದು ಬಿಡುವುದಿಲ್ಲ. ಗರಗಸವನ್ನು ಸೊಂಟಕ್ಕೆ ಸಿಕ್ಕಿಸಿ, ಹಗ್ಗವನ್ನು ಕೊಂಬೆಯಲ್ಲಿದ್ದ ಎರಡು ಕಾಯಿಗಳ ತೊಟ್ಟಿಗೆ ಬಿಗಿದು, ತೊಟ್ಟಿಲಿಂದ ಮಗುವನ್ನು ಎತ್ತಿ ಕೊಡುವಷ್ಟು ನಾಜೂಕಾಗಿ ಒಂದೊಂದನ್ನೇ ಕೆಳಗಿಳಿಸುತ್ತಾರೆ. ಆಮೇಲೆ ಕೊಂಬೆಗೆ ಗತಿ ಕಾಣಿಸುತ್ತಾರೆ.

ಇಳಿದು ಬಂದು ಕರೆಂಟಿನ ಸ್ಟೇಷನ್‌ಗೆ ಫೋನು ಮಾಡುತ್ತಾರೆ. "ಸರ್, ಮತ್ತಿಹಕ್ಲು ಲೈನು ಕ್ಲಿಯರ್. ಕೊಡಿ." ಒಂದು ಗಳಿಗೆ ಎಲ್ಲರೂ ಕಿವಿಯಾಗುತ್ತಾರೆ. ಮೇಲಿನ ಮನೆಯಲ್ಲಿ ರಾತ್ರಿಯಿಂದ ಸ್ವಿಚ್ಚು ಆರಿಸದೆ ಬಿಟ್ಟಿದ್ದ ಮಿಕ್ಸಿ ಗರ್ ಎಂದು ಎದ್ದು ಕೂಗುತ್ತದೆ. ಮತ್ತೆ ನಗು.

ಇನ್ನಾರೋ ಆಗಿದ್ದರೆ ಬೈಕು ಹತ್ತಿ ಹೊರಡುತ್ತಿದ್ದರು. ಭೂತಪ್ಪ ಹೊರಡುವುದಿಲ್ಲ. ಹದಿನೈದು ದಿನದಿಂದ ಅವರು ಈ ಊರಿಗೆ ಬಂದಾಗಲೆಲ್ಲ ಮನೆಮನೆಯ ಬಾಗಿಲಲ್ಲಿ ನಿಂತು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. ಈಗಲೂ ಅದನ್ನೇ ಕೇಳುತ್ತಾರೆ.

"ಕರೆಂಟು ಬಂದ ದಿನ ತೆಗ್ಸಿದ ಫೋಟೋ ಇದ್ಯಲ್ಲ ನಿಮ್ಮನೇಲಿ, ಅದ್ರಲ್ಲಿ ಕಾಲು ಇದ್ಯಾ?"

ಕೇಳಿದವರು ಮೊದಮೊದಲು ಕಣ್ಣರಳಿಸುತ್ತಿದ್ದರು. ಈಗ ಊರಿಗೇ ಅಭ್ಯಾಸವಾಗಿದೆ. "ಕಾಲು ಸಿಕ್ತಾ ಭೂತಪ್ಪಣ್ಣ?" ಎಂದು ಅವರೇ ಮೊದಲು ವಿಚಾರಿಸುತ್ತಾರೆ.

ಭೂತಪ್ಪನವರಿಗೆ ಈಗ ಐವತ್ತರ ಹತ್ತಿರ. ಸಣಕಲು ಮೈ, ಉದ್ದನೆಯ ಕೈ, ಯಾವಾಗಲೂ ಅರ್ಧ ಮೇಲಕ್ಕೇ ನೋಡುತ್ತಿರುವ ಕಣ್ಣು. ರಸ್ತೆಯಲ್ಲಿ ನಡೆಯುವಾಗಲೂ ತಂತಿಯನ್ನೇ ನೋಡಿಕೊಂಡು ಹೋಗಿ ಎಡವುತ್ತಾರೆಂದು ಹೆಂಡತಿ ಪ್ರತಿಮಾ ದೂರುತ್ತಾರೆ. ಹೊಸನಗರ ತಾಲೂಕಿನ ಈ ಮೂಲೆಯಲ್ಲಿ ಅವರ ಪಾಲಿಗೆ ಇಪ್ಪತ್ತಕ್ಕೂ ಹೆಚ್ಚು ಟ್ರಾನ್ಸ್‌ಫಾರ್ಮರುಗಳಿವೆ. ಕಾಡು, ಹಳ್ಳ, ದರೆಗಳನ್ನು ದಾಟಿ ಹೋಗುವ ತಂತಿಯ ಉದ್ದವನ್ನು ಅವರು ಕಿಲೋಮೀಟರಿನಲ್ಲಿ ಹೇಳುವುದಿಲ್ಲ. "ಬೆಳಿಗ್ಗೆ ಹೊರಟ್ರೆ ಎರಡನೇ ದಿನ ಸಂಜೆಗೆ ಮುಗೀತದೆ, ನಡುವೆ ಕಾಟಿ ಕೋಣ ಅಡ್ಡ ಬರದಿದ್ರೆ" ಎನ್ನುತ್ತಾರೆ. ಗಾಳಿಯ ದಿನಗಳಲ್ಲಿ ಫೋನು ಐವತ್ತು ಸಲ ಬಡಿಯುತ್ತದೆ. ಬೈದವರಿಗೂ ಅವರು ಕೊಡುವ ಉತ್ತರ ಒಂದೇ: "ಬಂದೆ ಮಾರಾಯ್ರೇ, ನಿಮ್ಮ ಕಡೆಗೇ ಹೊರಟಿದೀನಿ."

ಊರವರಿಗೂ ಅವರನ್ನು ಕಂಡರೆ ಪ್ರೀತಿ. ಅವರು ಬರುವ ಹೊತ್ತಿಗೆ ಒಂದು ಮನೆಯವರು ನಾಯಿ ಕಟ್ಟುತ್ತಾರೆ. ಇನ್ನೊಂದು ಮನೆಯವರು ಕಾಲಿಗೆ ಕಚ್ಚಿ ರಕ್ತ ಹೀರುವ ಇಂಬಳ ಬಿಡಿಸಲು ಉಪ್ಪಿನ ಗಂಟನ್ನು ಜಗುಲಿಯ ಮೇಲೆ ಇಟ್ಟಿರುತ್ತಾರೆ. ಮತ್ತೊಬ್ಬರು ಏಣಿಯನ್ನು ಕೊಟ್ಟಿಗೆಯಿಂದ ತಂದು ಮೊದಲೇ ಕಂಬಕ್ಕೆ ಒರಗಿಸಿರುತ್ತಾರೆ. ಯಾರೂ ಇದನ್ನು ಹೇಳಿಕೊಳ್ಳುವುದಿಲ್ಲ.

ಹಾಗಾದರೆ ಈ ಕಾಲಿನ ಕಥೆ ಏನು?

ಅದು ಬೆಳ್ಳಪ್ಪನ ಕಾಲು. ಕಾಲು ಶತಮಾನದ ಹಿಂದೆ ಮತ್ತಿಹಕ್ಲಿಗೆ ಲೈನು ಎಳೆದಾಗ ಬೆಳ್ಳಪ್ಪ ಮೇಲೆ ಹತ್ತುವವರು, ಭೂತಪ್ಪ ಕೆಳಗೆ ನಿಂತು ಹಗ್ಗ ಕೊಡುವ ಹೊಸ ಹುಡುಗ. ಕಂತ್ರಾಟುದಾರರ ಕೈಕೆಳಗೆ ಕೂಲಿ. ಭೂತಪ್ಪನಿಗೆ ಕೆಲಸದ ಮೇಲೆ ಆಸೆ, ಎತ್ತರದ ಮೇಲೆ ಭಯ. ಮೊದಲ ಸಲ ಕಂಬ ಹತ್ತಿದವನು ನಡುವಿನಲ್ಲಿ ಅಂಟಿಕೊಂಡು ನಿಂತುಬಿಟ್ಟ. ಮೇಲೂ ಹೋಗಲಾರ, ಕೆಳಗೂ ಬರಲಾರ. ಕೆಳಗಿದ್ದವರು ಹೋ ಎಂದು ನಕ್ಕರು. ಬೆಳ್ಳಪ್ಪ ನಗಲಿಲ್ಲ. ಸದ್ದಿಲ್ಲದೆ ಹಿಂದಿನಿಂದ ಹತ್ತಿ ಬಂದರು.

"ನನ್ನ ಹೆಗಲ ಮೇಲೆ ಕಾಲಿಡು ಅಂದ್ರು" ಎಂದು ಭೂತಪ್ಪ ನೆನೆಯುತ್ತಾರೆ. "ಹೆಂಗೆ ಇಡೋದು? ವಯಸ್ಸಲ್ಲಿ ದೊಡ್ಡೋರು. ನಾನು ಇಡ್ಲಿಲ್ಲ. ಅವ್ರೇ ನನ್ನ ಪಾದ ಹಿಡಿದು ಹೆಗಲ ಮೇಲೆ ಇಟ್ಕೊಂಡ್ರು. 'ಈಗ ನೀನು ನೆಲದ ಮೇಲಿದೀಯಾ, ತಿಳ್ಕೋ' ಅಂದ್ರು. ಆವತ್ತು ಹೋದ ಹೆದರಿಕೆ, ಮತ್ತೆ ಬರ್ಲೇ ಇಲ್ಲ."

ಕರೆಂಟು ಬಂದ ಸಂಜೆ ಇಡೀ ಊರು ಹೊಸ ಬಟ್ಟೆ ತೊಟ್ಟು ಕಂಬದ ಬುಡದಲ್ಲಿ ನೆರೆದಿತ್ತು. ತೀರ್ಥಹಳ್ಳಿಯಿಂದ ಸ್ಟುಡಿಯೋದವರನ್ನು ಕರೆಸಿದ್ದರು. ಬೀದಿದೀಪ ಹೊತ್ತಿಕೊಂಡಿರುವಾಗಲೇ, ಅದರ ಅಡಿಯಲ್ಲಿ ಎಲ್ಲರೂ ನಿಂತ ಫೋಟೋ ಬೇಕೆಂಬುದು ಊರಿನ ಹಟ. ಆದರೆ ದೀಪದ ಕ್ಲ್ಯಾಂಪಿಗೆ ಒಂದು ಬೋಲ್ಟು ಸಾಲದೆ ಬಂದಿತ್ತು. ಗಾಳಿಗೆ ಅದು ತೊನೆದಾಗಲೆಲ್ಲ ಬಲ್ಬು ಆರಿ ಆರಿ ಹತ್ತುತ್ತಿತ್ತು. ಬೆಳ್ಳಪ್ಪ ಮೇಲೇ ಉಳಿದು ಒಣ ಬಿದಿರಿನ ಕೋಲಿನಿಂದ ಅದನ್ನು ಒತ್ತಿ ಹಿಡಿದರು. "ನೀವೂ ಬನ್ನಿ ಬೆಳ್ಳಪ್ಪ, ಫೋಟೋಕ್ಕೆ ನಿಲ್ಲಿ" ಎಂದು ಕೆಳಗಿನಿಂದ ಕರೆದರು. "ನಾನು ಇಳಿದ್ರೆ ದೀಪ ಆರ್ತದೆ. ನೀವು ತೆಗೀರಿ" ಎಂದು ಮೇಲಿನಿಂದ ಉತ್ತರ ಬಂತು.

ಹಾಗೆ ಬಂದ ಫೋಟೋದಲ್ಲಿ ಊರಿಗೆ ಊರೇ ಇದೆ. ನಡುವೆ ಉರಿಯುವ ಬಲ್ಬು. ಕಂಬವನ್ನು ತಬ್ಬಿಕೊಂಡು ಬಾಯಿ ತೆರೆದು ನಿಂತ ಹುಡುಗ ಭೂತಪ್ಪ. ಮೇಲಿನ ಅಂಚಿನಲ್ಲಿ, ಎಲ್ಲರ ತಲೆಯ ಮೇಲೆ, ಎರಡು ಬರಿಗಾಲು ಮತ್ತು ಪಾದಗಳಿಗೆ ಸುತ್ತಿದ ಹಗ್ಗ. ಆ ಕಾಲದಲ್ಲಿ ಬೆಳ್ಳಪ್ಪ ಮರ ಹತ್ತುವವರ ಹಾಗೆ ಕಾಲಿಗೆ ಹಗ್ಗ ಸುತ್ತಿಕೊಂಡೇ ಕಂಬ ಹತ್ತುತ್ತಿದ್ದರು.

ಸ್ಟುಡಿಯೋದವರು ಮೊದಲ ಪ್ರತಿಯನ್ನು ತಂದು ತೋರಿಸಿದಾಗ ಊರ ಹಿರಿಯರ ಮುಖ ಕಪ್ಪಾಯಿತು. "ಊರಿಗೆ ಬೆಳಕು ಬಂದ ಫೋಟೋದಲ್ಲಿ ಇದೆಂತ ಮಾರಾಯ? ಹಗ್ಗ, ಕಾಲು! ಯಾರೋ ನೇಣು ಹಾಕ್ಕೊಂಡ ಹಾಗಿದೆ. ಇದನ್ನ ಗೋಡೆಗೆ ಹಾಕೋದಾ?" ಒಬ್ಬರು ಹೇಳಿದ ಮೇಲೆ ಎಲ್ಲರ ಕಣ್ಣಿಗೂ ಹಾಗೆಯೇ ಕಾಣತೊಡಗಿತು. ಮೇಲಿನ ಭಾಗವನ್ನು ಬಿಟ್ಟು ಉಳಿದ ಪ್ರತಿಗಳನ್ನು ಮಾಡಿಸಿ ಮನೆಮನೆಗೆ ಹಂಚಿದರು. ಬೆಳ್ಳಪ್ಪನಿಗೂ ಬೇಸರವಾಗಲಿಲ್ಲ. "ನನ್ನ ಕಾಲೇನು ನೋಡೋ ಹಾಗಿದ್ಯಾ" ಎಂದು ನಕ್ಕು ಬಿಟ್ಟರಂತೆ. ಕೆಲವೇ ವರ್ಷಗಳಲ್ಲಿ ಕಾಮಾಲೆ ಅವರನ್ನು ತೆಗೆದುಕೊಂಡು ಹೋಯಿತು. ಹೆಂಡತಿ ವರದಮ್ಮ ಕೈಗೂಸಾಗಿದ್ದ ಮಗಳು ಕಾವ್ಯಾಳನ್ನು ಕರೆದುಕೊಂಡು ಕವಲೇದುರ್ಗದ ಕೆಳಗಿನ ತವರಿಗೆ ಹೋದರು.

ಆ ಕಾವ್ಯಾ ಹದಿನೈದು ದಿನದ ಹಿಂದೆ ಲಗ್ನಪತ್ರಿಕೆ ಹಿಡಿದುಕೊಂಡು ಭೂತಪ್ಪನವರ ಮನೆಗೆ ಬಂದಿದ್ದಳು. ಹುಡುಗ ಸಾಗರದ ಹೊನ್ನೆಮರಡು ಕಡೆಯವನು, ಮದುವೆ ತೀರ್ಥಹಳ್ಳಿಯಲ್ಲಿ. ಚಹಾ ಕುಡಿಯುತ್ತ ಮಾತಿಗೆ ಮಾತು ಬೆಳೆದು ಅವಳೆಂದಳು: "ಧಾರೆಗೆ ಮುಂಚೆ ಎಲ್ಲಾ ದೊಡ್ಡವರ ಕಾಲಿಗೆ ಬೀಳ್ಬೇಕು ಚಿಕ್ಕಪ್ಪ. ಅಪ್ಪಂದು ಐಡಿ ಕಾರ್ಡಿನ ಫೋಟೋ ಒಂದೇ ಇರೋದು. ಅದನ್ನೇ ದೊಡ್ಡದು ಮಾಡ್ಸಿದೀವಿ. ಮುಖ ಇದೆ, ಕಾಲೆಲ್ಲಿ?"

ನಗುತ್ತಲೇ ಹೇಳಿದ್ದಳು. ಕೂತಿದ್ದ ಭೂತಪ್ಪ ಎದ್ದು ನಿಂತರು.

"ಕಾಲು ಇದೆ ಮಗಾ! ನಿಂಗೆ ನಿಮ್ಮಪ್ಪನ ಕಾಲು ನಾನು ತಂದುಕೊಡ್ತೀನಿ!"

ಅವಳು ಹೊರಟ ಮೇಲೆ ಪ್ರತಿಮಾ ತಲೆ ಚಚ್ಚಿಕೊಂಡರು. "ಎಲ್ಲಿಂದ ತರ್ತೀರಿ? ಮದುವೆ ಹುಡುಗಿ ಹತ್ರ ಆಡೋ ಮಾತಾ ಇದು?" ಭೂತಪ್ಪನವರಿಗೂ ಗೊತ್ತಿರಲಿಲ್ಲ. ಆ ಸ್ಟುಡಿಯೋ ಮುಚ್ಚಿ ಕಾಲವಾಗಿತ್ತು. ಹಳೆಯ ನೆಗೆಟಿವ್‌ಗಳು ಥಂಡಿಗೆ ಒಂದಕ್ಕೊಂದು ಅಂಟಿ ಹಲಗೆಯಾಗಿದ್ದವು. ಉಳಿದದ್ದು ಆ ಮೊದಲ ಪ್ರತಿ ಮಾತ್ರ. ಅದು ಎಲ್ಲಿ ಹೋಯಿತೆಂದು ಯಾರಿಗೂ ನೆನಪಿಲ್ಲ. ಅಂದಿನಿಂದ ಶುರುವಾಯಿತು ಈ ಮನೆಮನೆ ಹುಡುಕಾಟ. ಗೋಡೆಗೋಡೆಯ ಮೇಲೂ ಅದೇ ಫೋಟೋ, ಕಾಲಿಲ್ಲದ್ದು. ಈಗ ಮದುವೆಗೆ ಉಳಿದಿರುವುದು ಎರಡೇ ದಿನ.

ಹಲಸಿನಕಾಯಿ ಇಳಿಸಿದ ಈ ಬೆಳಿಗ್ಗೆ ಕೊನೆಯ ಮನೆಯ ಜಗುಲಿಯಲ್ಲಿ ದುಗ್ಗಮ್ಮ ಕೂತಿದ್ದಾರೆ. ಎಂಬತ್ತು ದಾಟಿದ ಮುದುಕಿ. ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಸಾಗರದ ಮಗಳ ಮನೆಯಲ್ಲಿದ್ದವರು ನಿನ್ನೆಯಷ್ಟೇ ಮರಳಿದ್ದಾರೆ. ಕಪ್ಪು ಕನ್ನಡಕದ ಒಳಗಿನಿಂದ ಭೂತಪ್ಪನವರನ್ನು ನೋಡಿ, "ಎಂತದೋ ಅದು, ನನ್ನ ಸೊಸೆ ಹತ್ರ ಕಾಲು ಕೇಳಿದ್ಯಂತೆ?" ಎನ್ನುತ್ತಾರೆ.

"ನಿಮ್ಮನೆ ಫೋಟೋನೂ ನೋಡಿದೆ ಅಮ್ಮಾ. ಅದ್ರಲ್ಲೂ ಇಲ್ಲ."

"ಯಾರ ಕಾಲು ನಿಂಗೆ ಬೇಕಾಗಿದ್ದು?"

"ಬೆಳ್ಳಪ್ಪಂದು. ಮಗಳ ಮದುವೆ. ನಮಸ್ಕಾರಕ್ಕೆ."

ದುಗ್ಗಮ್ಮ ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಳ್ಳುತ್ತಾರೆ. ಆಮೇಲೆ ಹಲ್ಲಿಲ್ಲದ ಬಾಯಿ ತುಂಬ ನಗುತ್ತಾರೆ. "ಕಂಬ ಹತ್ತೋನು ನೀನು, ಮುಂದೆ ನೋಡಿ ಇಲ್ಲ ಅಂದ್ಯಲ್ಲ. ಆ ಫೋಟೋ ತೆಗೆದು ಹಿಂದೆ ನೋಡು."

ಭೂತಪ್ಪ ಒಳಗೆ ಓಡುತ್ತಾರೆ. ಮೊಳೆಯಿಂದ ಫೋಟೋ ಇಳಿಸಿ ತಂದು ಜಗುಲಿಯ ಮೇಲೆ ಬೋರಲಾಗಿ ಮಲಗಿಸುತ್ತಾರೆ. ಕಟ್ಟಿನ ಹಿಂದಿನ ಸಣ್ಣ ಮೊಳೆಗಳನ್ನು ತಮ್ಮದೇ ಇಕ್ಕಳದಿಂದ ಒಂದೊಂದಾಗಿ ಕೀಳುತ್ತಾರೆ. ರಟ್ಟು ಎತ್ತಿದರೆ ಫೋಟೋದ ಮೇಲಿನ ತುದಿ ಹಿಂದಕ್ಕೆ ಮಡಚಿಕೊಂಡಿದೆ. ಮಡಿಕೆಯ ಸಂದಿಯಲ್ಲಿ ಒಂದು ಹಿಮ್ಮಡಿ ಕಾಣುತ್ತದೆ.

"ಅಮ್ಮಾ!" ಎಂದು ಭೂತಪ್ಪ ಕೂಗುತ್ತಾರೆ.

"ಯಾರಿಗೂ ಬೇಡಾಗಿತ್ತು, ನಾನು ಇಸ್ಕೊಂಡೆ" ಎನ್ನುತ್ತಾರೆ ದುಗ್ಗಮ್ಮ. "ಕಟ್ಟು ಹಾಕೋನು ಇಲ್ಲಿ ಕತ್ತರಿಸ್ತೀನಿ ಅಂದ. ದೀಪ ತಂದವ್ನ ಕಾಲಿಗೆ ಕತ್ತರಿ ಹಾಕ್ತಾರಾ? ಮಡಚು ಅಂದೆ. ಗೋಡೆ ಮೇಲೆ ತೋರ್ಸೋ ಹಾಗಿರ್ಲಿಲ್ಲ, ಅಶುಭ ಅಂದೋರು ನಮ್ಮ ಭಾವನೇ. ಮಡಚಿದ್ರೆ ಭಾವನ ಮಾತೂ ನಡೀತು, ಕಾಲೂ ಉಳೀತು."

"ಇಷ್ಟು ವರ್ಷ ಒಂದು ಮಾತು ಹೇಳಿಲ್ವಲ್ಲ ಅಮ್ಮಾ!"

"ನೀನು ಕೇಳಿದ್ಯಾ?"

ಮಡಿಕೆಯನ್ನು ಬಿಡಿಸಲು ಭೂತಪ್ಪನವರಿಗೆ ಧೈರ್ಯವಿಲ್ಲ. ಕಾಗದ ಗರಿಗರಿಯಾಗಿದೆ, ಎಳೆದರೆ ಹರಿದು ಎರಡಾಗುವುದು ಖಂಡಿತ. ಇನ್ನೊಂದು ಮೂಲೆ ಗಾಜಿಗೇ ಕಚ್ಚಿಕೊಂಡಿದೆ. ರಟ್ಟನ್ನು ಮೊದಲಿನಂತೆ ಇಟ್ಟು, ದುಗ್ಗಮ್ಮನ ಹಳೆಯ ಕಂಬಳಿಯಲ್ಲಿ ಸುತ್ತಿ, ಅರ್ಧ ದಿನದ ರಜೆ ಕೇಳಿ, ಬೈಕಿನಲ್ಲಿ ತೀರ್ಥಹಳ್ಳಿಗೆ ಹೊರಡುತ್ತಾರೆ. ಹೊಂಡ ಕಂಡಲ್ಲೆಲ್ಲ ಇಳಿದು ತಳ್ಳುತ್ತಾರೆ. ಹಿಂದೆ ಬಂದ ಜೀಪಿನವನು, "ಎಂತ ಭೂತಪ್ಪಣ್ಣ, ಮೊಟ್ಟೆ ಸಾಗಿಸ್ತಿದೀರಾ?" ಎಂದು ಕೇಳುತ್ತಾನೆ. "ಅದಕ್ಕಿಂತ ನಾಜೂಕು!" ಎಂದು ಕೂಗುತ್ತಾರೆ.

ಅಲ್ಲಿ ಹೊಸದಾಗಿ ಸ್ಟುಡಿಯೋ ಇಟ್ಟಿರುವ ಪೂರ್ಣೇಶ್ ಇನ್ನೂ ಮೂವತ್ತು ತುಂಬದವನು. ಕಾವ್ಯಾಳ ಮದುವೆಯ ಫೋಟೋ ತೆಗೆಯುವವನೂ ಅವನೇ. ಅವನು ಮೊದಲು ಇದ್ದದ್ದು ಇದ್ದ ಹಾಗೆ ಒಂದು ಫೋಟೋ ತೆಗೆದಿಟ್ಟುಕೊಳ್ಳುತ್ತಾನೆ. ಹೊಲಿಗೆಯ ದಾರವನ್ನು ಒದ್ದೆ ಮಾಡಿ ಗಾಜಿಗೂ ಕಾಗದಕ್ಕೂ ನಡುವೆ ಮೆಲ್ಲಗೆ ತೂರಿಸುತ್ತಾನೆ. ಗಾಜು ಬಿಡುತ್ತದೆ, ಮೂಲೆಯ ಚೂರು ಆಕಾಶವನ್ನು ಮಾತ್ರ ತನ್ನಲ್ಲೇ ಉಳಿಸಿಕೊಂಡು. ಮಡಿಕೆಯ ಕೆಳಗೆ ಹಸಿ ಬಟ್ಟೆ ಇಟ್ಟು, ಕಾಯ್ದು, ಕೂದಲೆಳೆಯಷ್ಟು ಬಿಡಿಸಿ, ಮತ್ತೆ ಕಾಯುತ್ತಾನೆ. ಭೂತಪ್ಪ ಒಳಗೆ ಬರುತ್ತಾರೆ, ಹೊರಗೆ ಹೋಗುತ್ತಾರೆ, ಅಂಗಡಿಯ ಮುಂದಿನ ಕಂಬವನ್ನು ನೋಡುತ್ತಾರೆ, ಮತ್ತೆ ಒಳಗೆ ಬರುತ್ತಾರೆ.

"ಅಣ್ಣ, ಒಂದು ಕಡೆ ಕೂತ್ಕೊಳಿ. ನೀವು ಓಡಾಡಿದ್ರೆ ನನ್ನ ಕೈ ಅಲುಗ್ತದೆ."

"ಹರೀತಾ?"

"ಇಲ್ಲ."

"ಈಗ?"

"ಇಲ್ಲ ಅಂದ್ನಲ್ಲ!"

ಮಡಿಕೆ ಮಲಗುತ್ತದೆ. ಅಡ್ಡಕ್ಕೆ ಒಂದು ಬಿಳಿ ಗೆರೆ ಬಿದ್ದಿದೆ. ಗೆರೆಯ ಕೆಳಗೆ ಬಲ್ಬು, ಗೆರೆಯ ಮೇಲೆ ಪಾದಗಳು. ಬಿಸಿಲು ಕಾಣದೆ ಇದ್ದ ಆ ಭಾಗ ಉಳಿದ ಫೋಟೋಗಿಂತ ಕಪ್ಪಾಗಿ, ಸ್ಪಷ್ಟವಾಗಿ ಉಳಿದಿದೆ. ಹಗ್ಗದ ಸುತ್ತು ಕಾಣುತ್ತದೆ. ಎಡಗಾಲಿನ ಹೆಬ್ಬೆರಳು ಹೊರಕ್ಕೆ ಬಾಗಿ ಕಂಬವನ್ನು ಒತ್ತಿ ಹಿಡಿದಿರುವುದು ಕಾಣುತ್ತದೆ. ಭೂತಪ್ಪ ಎರಡೂ ಕೈ ಜೋಡಿಸುತ್ತಾರೆ, ಪೂರ್ಣೇಶನಿಗೋ ಪಾದಕ್ಕೋ ಗೊತ್ತಾಗುವುದಿಲ್ಲ.

ಪೂರ್ಣೇಶನಿಗೂ ಹುರುಪು ಬಂದಿದೆ. "ದೊಡ್ಡದು ಮಾಡಿಕೊಡ್ತೀನಿ ಅಣ್ಣ. ಬಿಳಿ ಗೆರೆ ತೆಗೀತೀನಿ. ಐಡಿ ಕಾರ್ಡಿನ ಮುಖ ಕೊಡಿ, ಈಗ ಎಐ ಇದೆ, ಎಲ್ಲರ ನಡುವೆ ಇವರನ್ನೂ ಕೋಟು ಹಾಕಿ ನಿಲ್ಸಿಬಿಡ್ತೀನಿ. ಗೊತ್ತೇ ಆಗಲ್ಲ!"

"ಬೇಡ ಮಾರಾಯ" ಎನ್ನುತ್ತಾರೆ ಭೂತಪ್ಪ. "ಅವ್ರು ಮೇಲೇ ಇದ್ರು. ಇಳಿಸ್ಬೇಡ. ಗೆರೇನೂ ಇರ್ಲಿ, ಅದು ದುಗ್ಗಮ್ಮಂದು."

ಮದುವೆಯ ದಿನ ಭೂತಪ್ಪ ಹೊಸ ಶರಟು ತೊಟ್ಟು, ಕಟ್ಟು ಹಾಕಿಸಿದ ದೊಡ್ಡ ಫೋಟೋವನ್ನು ಎದೆಗೆ ಅವಚಿಕೊಂಡು ಛತ್ರಕ್ಕೆ ಬರುತ್ತಾರೆ. ಪ್ರತಿಮಾ ಪಕ್ಕದಲ್ಲಿ ನಡೆಯುತ್ತ, "ನಿಧಾನ, ಜನ ಇದ್ದಾರೆ" ಎನ್ನುತ್ತಲೇ ಇದ್ದಾರೆ. ಆದರೆ ಭೂತಪ್ಪನವರಿಗೆ ಈಗ ಬೇರೆಯೇ ಅಳುಕು. ಅಂದು ಊರಿಗೆ ಕಂಡದ್ದೇ ಇಂದು ಬೀಗರಿಗೂ ಕಂಡರೆ? ಶುಭಕಾರ್ಯದಲ್ಲಿ ಮುಖ ಸಿಂಡರಿಸಿದರೆ? ಹುಡುಗಿಯ ಮನಸ್ಸು ಮುರಿದರೆ?

ವರದಮ್ಮನ ಕೈಗೆ ಫೋಟೋ ಕೊಡುತ್ತಾರೆ. ಅವರು ಗುಂಪಿನ ಮುಖಗಳನ್ನು ನೋಡುವುದೇ ಇಲ್ಲ. ನೇರವಾಗಿ ಮೇಲಿನ ಅಂಚಿಗೆ ಬೆರಳಿಡುತ್ತಾರೆ. "ಈ ಹೆಬ್ಬೆರಳು! ಎಷ್ಟು ಚಪ್ಪಲಿ ಹರಿದು ಹಾಕ್ತಪ್ಪ ಇದು! ಒಂದು ಜೊತೆ ಆರು ತಿಂಗಳು ಬಂದದ್ದಿಲ್ಲ" ಎನ್ನುತ್ತಾರೆ. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

ಭೂತಪ್ಪ ಹೆದರಿದ್ದೂ ಆಗುತ್ತದೆ. ಬೀಗರ ಕಡೆಯ ಯಜಮಾನರೊಬ್ಬರು ಕನ್ನಡಕ ಏರಿಸಿ, "ಇದೇನಮ್ಮ, ಮದುವೆ ಮನೇಲಿ ನೇತಾಡೋ ಕಾಲು?" ಎನ್ನುತ್ತಾರೆ. ಸುತ್ತ ಇದ್ದವರು ಫೋಟೋದತ್ತ ಕತ್ತು ತಿರುಗಿಸುತ್ತಾರೆ.

ಬಾಸಿಂಗ ಕಟ್ಟಿಕೊಂಡ ಕಾವ್ಯಾ ತಿರುಗಿ ನೋಡುತ್ತಾಳೆ. "ನೇತಾಡ್ತಿಲ್ಲ ದೊಡ್ಡಪ್ಪ, ನಿಂತಿದಾರೆ. ಕೆಳಗೆ ಬಲ್ಬು ಉರೀತಿದೆ ನೋಡಿ, ಅದನ್ನ ಹಿಡ್ಕೊಂಡು ನಿಂತಿದಾರೆ. ನಮ್ಮಪ್ಪ."

ಯಜಮಾನರು ಹತ್ತಿರ ಬಂದು ಬಗ್ಗಿ ನೋಡುತ್ತಾರೆ. ಬಲ್ಬನ್ನು ನೋಡುತ್ತಾರೆ, ಪಾದವನ್ನು ನೋಡುತ್ತಾರೆ. "ಹೌದಲ್ಲಾ" ಎಂದು ತಮಗೇ ಹೇಳಿಕೊಂಡು, ಮೇಲಿನ ಜೇಬಿನಲ್ಲಿ ಸಿಕ್ಕಿಸಿಕೊಂಡಿದ್ದ ಗುಲಾಬಿಯನ್ನು ತೆಗೆದು ಫೋಟೋದ ಮುಂದೆ ಇಡುತ್ತಾರೆ.

ಎಲ್ಲ ಹಿರಿಯರ ಪಾದಕ್ಕೂ ಬಗ್ಗಿ ಬಂದ ಕಾವ್ಯಾ ಕುರ್ಚಿಯ ಮೇಲಿಟ್ಟ ಫೋಟೋದ ಮುಂದೆ ಮಂಡಿಯೂರುತ್ತಾಳೆ. ಅಪ್ಪನ ಪಾದ ಇರುವುದು ಮೇಲೆ. ಬಗ್ಗಿದ ತಲೆಯನ್ನು ಎತ್ತದೆಯೇ ಅವಳು ಕೈಗಳನ್ನು ಮಾತ್ರ ಮೇಲಕ್ಕೆ ಚಾಚುತ್ತಾಳೆ, ತಡವರಿಸುತ್ತ. ವರದಮ್ಮ ಮಗಳ ಬೆರಳುಗಳನ್ನು ಹಿಡಿದು ಸರಿಯಾದ ಜಾಗಕ್ಕೆ ಮುಟ್ಟಿಸುತ್ತಾರೆ. ಕಂಬದ ಮರೆಯಲ್ಲಿ ನಿಂತ ಭೂತಪ್ಪ ಅತ್ತ ತಿರುಗಿ ಮೂಗು ಒರೆಸಿಕೊಳ್ಳುತ್ತಾರೆ.

ಧಾರೆಯಾಗಿ ಗುಂಪು ಫೋಟೋದ ಹೊತ್ತು. ಕಾವ್ಯಾಳಿಗೆ ಅಪ್ಪ ತಲೆಯ ಮೇಲೇ ಬೇಕು. ಹಿಂದಿನ ಗೋಡೆಯಲ್ಲಿ ಮೊಳೆ ಇಲ್ಲ. ಯಾರೂ ಹೇಳುವ ಮೊದಲೇ ಭೂತಪ್ಪ ಸ್ಟೂಲು ತಂದು ಎಲ್ಲರ ಹಿಂದೆ ಹತ್ತಿ ನಿಂತು, ಫೋಟೋವನ್ನು ಎತ್ತಿ ಹಿಡಿಯುತ್ತಾರೆ. "ಗಾಜು ಮಿಂಚ್ತದೆ ಅಣ್ಣ, ಸ್ವಲ್ಪ ಬಗ್ಸಿ. ಇನ್ನೂ ಸ್ವಲ್ಪ. ಹಾಂ, ಅಲುಗಬೇಡಿ!" ಎನ್ನುತ್ತಾನೆ ಪೂರ್ಣೇಶ್. ಅವನಿಗೆ ಒಂದರಲ್ಲಿ ಸಮಾಧಾನವಿಲ್ಲ, ತೆಗೆದದ್ದೇ ತೆಗೆದದ್ದು. ಸ್ಟೂಲಿನ ಮೇಲಿನ ಕೈಗಳು ಇಳಿಯುವುದಿಲ್ಲ.

ಊಟದ ಸಾಲಿನಲ್ಲಿ ಕೂತಾಗ ಪೂರ್ಣೇಶ್ ಕಳಿಸಿದ ಫೋಟೋ ಪ್ರತಿಮಾ ಅವರ ಮೊಬೈಲಿಗೆ ಬರುತ್ತದೆ. ಮದುಮಕ್ಕಳಿದ್ದಾರೆ, ವರದಮ್ಮ ಇದ್ದಾರೆ, ಎರಡೂ ಕಡೆಯ ನೆಂಟರಿದ್ದಾರೆ. ಎಲ್ಲರ ಮೇಲೆ ಬೆಳ್ಳಪ್ಪನ ಫೋಟೋ. ಅದರ ಹಿಂದೆ ಭೂತಪ್ಪನವರ ತಲೆ, ಮೈ, ಹೊಸ ಶರಟು ಎಲ್ಲವೂ ಮುಚ್ಚಿಹೋಗಿ ಹತ್ತು ಬೆರಳು ಮಾತ್ರ ಕಾಣುತ್ತಿವೆ.

"ಅಯ್ಯೋ, ಇಸ್ತ್ರಿ ಮಾಡಿದ್ದೇ ದಂಡ! ಇಷ್ಟು ಜನರಲ್ಲಿ ನಿಮ್ಮ ಮುಖವೊಂದೇ ಇಲ್ವಲ್ಲ!" ಎಂದು ಪ್ರತಿಮಾ ಮೊಬೈಲನ್ನು ಮುಂದೆ ಹಿಡಿಯುತ್ತಾರೆ.

ಭೂತಪ್ಪ ಎಡಗೈಯಲ್ಲಿ ಮೊಬೈಲು ಇಸಿದುಕೊಂಡು, ಚಿತ್ರವನ್ನು ದೊಡ್ಡದು ಮಾಡಿ, ಮೇಲಿನ ಅಂಚನ್ನು ಕಣ್ಣಿನ ಹತ್ತಿರಕ್ಕೆ ತಂದು ನೋಡುತ್ತಾರೆ. ಎದುರಿನ ಎಲೆಯ ಮೇಲೆ ಪಾಯಸ ಹರಿದು ಹೋಗುತ್ತಿರುವುದೂ ಅವರಿಗೆ ತಿಳಿಯುವುದಿಲ್ಲ.

"ನೋಡೇ" ಎನ್ನುತ್ತಾರೆ, ಮುಖ ಅರಳಿಸಿಕೊಂಡು. "ಒಂಚೂರೂ ಅಲುಗಿಲ್ಲ."